ಗಾಜಿನ ಪೆಟ್ಟಿಗೆಯ ದಾಯಾದಿ

ನನಗೆ ಅಕ್ಕತಂಗಿಯರಿರಲಿಲ್ಲ, ಅಣ್ಣತಮ್ಮಂದಿರೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ನಮ್ಮ ಮನೆಯಲ್ಲಿ ಡಬ್ಬಿಯ ಕೊನೆಯ ಹೋಳಿಗೆ ನನ್ನದು, ನೀರಿನ ಕಡೆಗೆ ಕಿಟಕಿ ಇದ್ದ ಕೋಣೆ ನನ್ನದು, ಅಪ್ಪನ ಭಾನುವಾರವೂ ನನ್ನದೇ. ಹಾಗಾಗಿ ಹೊಟ್ಟೆಕಿಚ್ಚು ಎಂದರೆ ಏನೆಂದು ಹನ್ನೊಂದು ವರ್ಷದವರೆಗೆ ನನಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಸಿದವಳು ಒಬ್ಬ ಮರದ ಹೆಂಗಸು. ಸೊಂಟದಿಂದ ಮೇಲಷ್ಟೇ ಇದ್ದವಳು. ಮೇಣದ ಮುಖ, ನೀಲಿ ಗಾಜಿನ ಕಣ್ಣು, ಮುಂದೊಂದು ಪುಟ್ಟ ಮೇಜು, ಮೇಜಿನ ಮೇಲೆ ಹರಡಿದ ಇಸ್ಪೀಟೆಲೆ. ಕಾಸು ಹಾಕಿದರೆ ಅವಳ ಎದೆ ಉಸಿರಾಡುತ್ತಿತ್ತು, ತಲೆ ಆಡುತ್ತಿತ್ತು, ಕೈ ಎಲೆಗಳ ಮೇಲೆ ಸರಿಯುತ್ತಿತ್ತು, ಕೆಳಗಿನ ತೂತಿನಿಂದ ಭವಿಷ್ಯ ಬರೆದ ಚೀಟಿಯೊಂದು ಬೀಳುತ್ತಿತ್ತು. ಒಂದು ಚಳಿಗಾಲ ನಮ್ಮ ಗರಾಜಿನಲ್ಲಿದ್ದು ಹೋದಳು ಅಷ್ಟೇ. ಹೋಗುವಾಗ ನನಗೆ ಬರಬೇಕಾದದ್ದನ್ನು ಉಟ್ಟುಕೊಂಡೇ ಹೋದಳು. ನನಗೀಗ ತಲೆಗೂದಲು ನರೆತಿದೆ. ಆದರೂ ಅವಳ ಹೆಸರು ಬಂದರೆ ಮುಖ ಸಿಂಡರಿಸುತ್ತದೆ.

ಆ ವರ್ಷ ದಸರೆಗೆ ಮೊದಲು ಹುಬ್ಬಳ್ಳಿಯಿಂದ ಅಜ್ಜಿ ಬಂದಳು. ಅಪ್ಪನ ಅವ್ವ. ಅಜ್ಜ ಕಿರಾಣಿ ಅಂಗಡಿ ಬಿಟ್ಟು ಬರಲೊಲ್ಲೆ ಎಂದಿದ್ದರಿಂದ ಒಬ್ಬಳೇ ಬಂದಳು. ಮೊಮ್ಮಗಳ ಜೊತೆ ಇರಲಿಕ್ಕೆ ಬರುತ್ತಿದ್ದಾಳೆ ಎಂದು ಅಪ್ಪ ಹೇಳಿದ್ದ. ಹಾಗೆಂದ ಮೇಲೆ ಅವಳು ನನ್ನವಳೇ ಎಂದು ನಾನು ತೀರ್ಮಾನಿಸಿಬಿಟ್ಟೆ. ನನ್ನ ಕೋಣೆಯಲ್ಲೇ ಅವಳ ಮಂಚ. ಅವಳ ಟ್ರಂಕಿನಲ್ಲಿ ಶೇಂಗಾ ಚಟ್ನಿ, ಗುರೆಳ್ಳಿನ ಪುಡಿ, ಅವುಗಳ ಕೆಳಗೆ ಹಳೆ ಧೋತರದಲ್ಲಿ ಸುತ್ತಿದ ಒಂದು ಇಳಕಲ್ ಸೀರೆ. ಗಾಢ ಹಸಿರು ಹತ್ತಿಯ ಒಡಲು, ಕೆಂಪು ರೇಷ್ಮೆಯ ಸೆರಗು, ಸೆರಗಿನ ಮೇಲೆ ಜೋಳದ ತೆನೆಯಂಥ ಬಿಳಿ ನೇಯ್ಗೆ. ಮದುವೆಯಾಗಿ ಅತ್ತೆಮನೆಗೆ ಹೊರಟ ದಿನ ಅವಳು ಉಟ್ಟದ್ದು. ನಾನು ಸೆರಗನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ಅಜ್ಜಿ ನಕ್ಕಳು.

"ನೀ ದೊಡ್ಡಾಕಿ ಆಗು, ಇದು ನಿಂದ ನೋಡವಾ ಸುಮಿ."

ನಾನು ಹೇಳಿದ್ದು, "ರಿಯಲಿ? ಥ್ಯಾಂಕ್ ಯೂ, ಅಜ್ಜಿ." ನಮ್ಮ ಮನೆಯ ಮಾತು ನಡೆಯುತ್ತಿದ್ದದ್ದೇ ಹೀಗೆ. ದೊಡ್ಡವರು ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಅಮ್ಮ ಮೈಸೂರಿನವಳು, ಅವಳಿಗೆ ಅದು ಅಭ್ಯಾಸವಾಗಿತ್ತು. ಅಜ್ಜಿ ಮಾತ್ರ ನಾನು ಬಾಯಿ ತೆರೆದಾಗಲೆಲ್ಲ ಕಿವುಡರ ಹಾಗೆ ನನ್ನ ತುಟಿಯನ್ನೇ ನೋಡುತ್ತಿದ್ದಳು. ಆಮೇಲೆ "ಹೂಂ" ಎಂದು ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು. ಅಲ್ಲಿ ಬೇರೆಯದೇ ಜಗಳ. ಅಜ್ಜಿ ರೊಟ್ಟಿ ಬಡಿಯಲು ಶುರು ಮಾಡಿದರೆ ಕಪಾಟಿನ ಗಾಜಿನ ಲೋಟಗಳು ಗಲಗಲ ಎನ್ನುತ್ತಿದ್ದವು. ಪಕ್ಕದ ಮನೆಯವರು ಕೇಳಿಸಿಕೊಂಡಾರು ಎಂದು ಅಮ್ಮ ಕಿಟಕಿ ಮುಚ್ಚುತ್ತಿದ್ದಳು. ಹೊಗೆಯ ಅಲಾರಾಂ ಕೂಗಿದಾಗ ಅದನ್ನು ತೆರೆಯುತ್ತಿದ್ದಳು. ಅಮ್ಮನ ಹುಳಿಗೆ ಅಜ್ಜಿ ಮೇಲಿನಿಂದ ಬೆಳ್ಳುಳ್ಳಿ ಒಗ್ಗರಣೆ ಸುರಿದುಕೊಳ್ಳುತ್ತಿದ್ದಳು. ಆ ದಿನ ಅಮ್ಮ ಪಾತ್ರೆ ತೊಳೆಯುವ ಸದ್ದು ಜೋರಾಗುತ್ತಿತ್ತು.

ಅಜ್ಜಿಗೆ ಸಮುದ್ರ ತೋರಿಸಬೇಕೆಂದು ಒಂದು ಭಾನುವಾರ ಗುಡ್ಡ ದಾಟಿ ಹಾಫ್ ಮೂನ್ ಬೇಗೆ ಹೋದೆವು. ಕ್ಯಾಲಿಫೋರ್ನಿಯಾದ ಸಮುದ್ರ ಎಂದರೆ ಚಡ್ಡಿ, ಬಿಸಿಲು ಎಂದುಕೊಂಡು ಬಂದ ಪ್ರವಾಸಿಗರು ಯಥಾಪ್ರಕಾರ ಮಂಜಿನಲ್ಲಿ ಗಡಗಡ ನಡುಗುತ್ತಿದ್ದರು. ದಂಡೆಯ ಹತ್ತಿರ ತಗಡಿನ ಮಾಡಿನ ಒಂದು ಆಟದ ಹಾಲ್ ಇತ್ತು. ಅದರ ವ್ಯಾಪಾರವೆಲ್ಲ ನಡೆಯುತ್ತಿದ್ದದ್ದು ಆ ಚಳಿಯಿಂದಲೇ ಎಂದು ನನಗೀಗ ಅನ್ನಿಸುತ್ತದೆ. ಒಳಗೆ ನುಗ್ಗಿದವರು ಮೈ ಬೆಚ್ಚಗಾಗುವವರೆಗೆ ಕಾಸು ಹಾಕುತ್ತಿದ್ದರು. ಹಿಡಿತದ ಬಲ ನೋಡುವ ಕಬ್ಬಿಣದ ಕೈ, ಹಿಡಿ ತಿರುಗಿಸಿದರೆ ಚಿತ್ರ ಓಡುವ ಪೆಟ್ಟಿಗೆ, ಸರಳಿಗೆ ಸಿಕ್ಕಿಸಿದ ಪುಟ್ಟ ಫುಟ್‌ಬಾಲ್ ಆಟಗಾರರು. ಹಾಲಿನ ಒಡತಿ ಪೆಗ್ಗಿ ಎಂಬ ಎತ್ತರದ ಮುದುಕಿ. ಹಿಂದೆ ಸಾನ್ ಫ್ರಾನ್ಸಿಸ್ಕೋದ ಪಡುವಣ ದಂಡೆಯಲ್ಲಿ ದೊಡ್ಡ ಆಟದ ಬೀದಿಯೇ ಇತ್ತಂತೆ. ರಜೆಯ ದಿನ ಜನ ಟ್ರಾಮಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದು, ಕಾಲು ಒದ್ದೆ ಮಾಡಿಕೊಂಡು, ಇದ್ದ ಚಿಲ್ಲರೆಯನ್ನೆಲ್ಲ ಈ ಯಂತ್ರಗಳಿಗೆ ತಿನ್ನಿಸಿ ಹೋಗುತ್ತಿದ್ದರಂತೆ. ಅದನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟುವಾಗ ಪೆಗ್ಗಿಯ ಗಂಡ ಲಾರಿ ತುಂಬ ಯಂತ್ರ ಕೊಂಡು ತಂದಿದ್ದ. ಈಗ ಗಂಡನಿಲ್ಲ, ರಿಪೇರಿ ಮಾಡುವವರೂ ಇಲ್ಲ. ಭವಿಷ್ಯ ಹೇಳುವ ಹೆಂಗಸು ಕೆಟ್ಟು ನಿಂತು ವರ್ಷಗಳಾಗಿದ್ದವು.

ಅಪ್ಪ ಮೆನ್ಲೋ ಪಾರ್ಕಿನ ಒಂದು ಕಂಪನಿಯಲ್ಲಿ ಇಂಜಿನಿಯರ್. ನಿಂತ ಯಂತ್ರ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಹೋಟೆಲಿನಲ್ಲಿ ಊಟಕ್ಕೆ ಕೂತರೂ ಅಲುಗಾಡುವ ಮೇಜಿನ ಕೆಳಗೆ ತಲೆ ಹಾಕುವ ಮನುಷ್ಯ. ಆ ಗೊಂಬೆಯ ಬೆನ್ನಿನ ಬಾಗಿಲು ತೆಗೆಸಿ, ಒಳಗೆ ಇಣುಕಿ, ಚಳಿಗಾಲ ಮುಗಿಯುವಷ್ಟರಲ್ಲಿ ಸರಿ ಮಾಡಿಕೊಡುತ್ತೇನೆ ಎಂದುಬಿಟ್ಟ. ದುಡ್ಡೇನೂ ಬೇಡ ಎಂದೂ ಹೇಳಿದ. ಅಮ್ಮ ಕಾರಿನ ಬಾಗಿಲನ್ನು ಧಡಾರೆಂದು ಹಾಕಿಕೊಂಡಳು. ನನಗೆ ಮಾತ್ರ ಖುಷಿ. ಅಪ್ಪನ ಭಾನುವಾರಗಳಿಗೆ ಹೊಸ ಆಟದ ಸಾಮಾನು ಬರುತ್ತಿದೆ, ಅದು ನನಗೇ ಎಂದುಕೊಂಡಿದ್ದೆ.

ಆ ಮರದ ಹೆಂಗಸು ನಮ್ಮ ಗರಾಜಿಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಮಾರನೆಯ ಬೆಳಿಗ್ಗೆ ಅಜ್ಜಿ ಕಾರಿಗೆ, ಹೊಲಿಗೆ ಯಂತ್ರಕ್ಕೆ, ಅಪ್ಪನ ಸ್ಪ್ಯಾನರುಗಳಿಗೆ ಕುಂಕುಮ ಇಡುತ್ತ ಬಂದವಳು ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಯಂತ್ರವಾದರೆ ಪೆಟ್ಟಿಗೆಗೆ ಇಡಬೇಕು, ಹೆಂಗಸಾದರೆ ಹಣೆಗೆ ಇಡಬೇಕು. ಬಹಳ ಹೊತ್ತು ಯೋಚಿಸಿ ಅಪ್ಪನಿಂದ ಗಾಜು ಸರಿಸಿಸಿ ಹಣೆಗೇ ಇಟ್ಟಳು.

"ಪಾಪ, ಯಾರ ಮಗಳೋ ಏನೋ. ಕುಂತಲ್ಲೇ ಕುಂತಾಳ. ಹೆಸರರ ಏನು ಇಕಿದು?"

ಹೆಸರಿಲ್ಲ ಎಂದ ಅಪ್ಪ. ಹೆಸರಿಲ್ಲದ ಹೆಣ್ಣುಮಗಳು ಮನೆಯಲ್ಲಿರುವುದೆಂದರೇನು ಎಂದು ಅಜ್ಜಿಯೇ ಇಟ್ಟಳು. ನೀಲಿ ಕಣ್ಣಿಗೆ ನೀಲವ್ವ.

ಅಂದಿನಿಂದ ನನ್ನ ಅಜ್ಜಿ ನನಗೆ ಸಿಗಲಿಲ್ಲ. ಬಟ್ಟೆ ಒಗೆಯುವ ಯಂತ್ರ, ಒಣಗಿಸುವ ಯಂತ್ರ ಎರಡೂ ಗರಾಜಿನಲ್ಲೇ ಇದ್ದವು. ಇಡೀ ಮನೆಯಲ್ಲಿ ಅಜ್ಜಿಗೆ ಬೆಚ್ಚಗೆನಿಸುತ್ತಿದ್ದ ಜಾಗ ಅದೊಂದೇ. ಅಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಬಿಸಿ ಬಟ್ಟೆಗಳನ್ನು ಉಡಿಯಲ್ಲಿಟ್ಟುಕೊಂಡು ಮಡಚುತ್ತ ನೀಲವ್ವನ ಜೊತೆ ಮಾತಿಗೆ ಕೂರುತ್ತಿದ್ದಳು. ನಾನು ಸ್ಕೂಲಿನಿಂದ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಹುಬ್ಬಳ್ಳಿಯ ಓಣಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಅಜ್ಜ ಸಿಟ್ಟಿನಲ್ಲಿ ತಕ್ಕಡಿ ಎಸೆದದ್ದು, ಸೊಸೆ ಉಪ್ಪು ಕಡಿಮೆ ಹಾಕುತ್ತಾಳೆ ಎಂಬುದು, ಮೊದಲ ಮಗು ಉಳಿಯಲಿಲ್ಲ ಎಂಬುದು. ಇದ್ಯಾವುದನ್ನೂ ನನಗೆ ಹೇಳಿರಲಿಲ್ಲ. ನಮ್ಮ ಅಪ್ಪನಿಗಿಂತ ಮೊದಲು ಒಂದು ಹೆಣ್ಣು ಮಗು ಇತ್ತು ಎಂದು ನನಗೆ ಗೊತ್ತಾದದ್ದು ಹೀಗೆ, ಬಾಗಿಲ ಸಂದಿಯಿಂದ, ಮರದ ಗೊಂಬೆಗೆ ಹೇಳಿದ್ದನ್ನು ಕದ್ದು ಕೇಳಿ. ನನಗೆ ಎಷ್ಟು ಉರಿಯಿತೆಂದರೆ ಆ ಮಗುವಿಗಾಗಿ ದುಃಖಪಡುವುದು ಕೂಡ ಮರೆತುಹೋಯಿತು. ಭಾನುವಾರ ಬಂದರೆ ಅಪ್ಪನೂ ಅಲ್ಲೇ. ಬೆನ್ನಿನ ಬಾಗಿಲಿನಿಂದ ಕೈ ಹಾಕಿ ಅವನು ಚಕ್ರ ತಿರುಗಿಸಿದರೆ ನೀಲವ್ವ ತಲೆ ಆಡಿಸುತ್ತಿದ್ದಳು. ಅಜ್ಜಿ ಕೇಳುತ್ತಿದ್ದಳು:

"ಹೌದಿಲ್ಲೇನ ನೀಲವ್ವಾ?"

ನೀಲವ್ವ ಹೌದೆನ್ನುತ್ತಿದ್ದಳು.

"ನೋಡೋ, ಇಕಿಗೆ ನನ್ನ ಮಾತು ತಿಳೀತೈತಿ!"

ನನಗೂ ತಿಳಿಯುತ್ತಿತ್ತು. ಒಂದೊಂದು ಮಾತೂ ತಿಳಿಯುತ್ತಿತ್ತು. ಆದರೆ ನಾನು "ಯಾ, ಅಜ್ಜಿ" ಎನ್ನುತ್ತಿದ್ದೆ, ನೀಲವ್ವ ಸರಿಯಾಗಿ ತಲೆ ಆಡಿಸುತ್ತಿದ್ದಳು.

ಚಳಿ ಇಳಿಯುವ ಹೊತ್ತಿಗೆ ಚಕ್ರ, ಬೆಲ್ಟು, ಉಸಿರಿನ ತಿದಿ ಎಲ್ಲ ಸರಿಯಾದವು. ಉಳಿದದ್ದು ಬಟ್ಟೆ. ಅವಳ ಹಳೆಯ ಮಖಮಲ್ಲಿನ ಅಂಗಿಯನ್ನು ನುಸಿ ತಿಂದು ಜರಡಿ ಮಾಡಿತ್ತು. ಪೆಗ್ಗಿ ಒಂದು ಕೆಂಪು ಪರದೆ ಬಟ್ಟೆ ಕೊಟ್ಟು ಕಳಿಸಿದ್ದಳು, ಅಮ್ಮ ಹೊಲಿಯುವುದೆಂದು ಮಾತಾಗಿತ್ತು. ಅಜ್ಜಿ ಆ ಬಟ್ಟೆಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದಳು.

"ಪಡದಾ ಅರಿವಿ ಉಡಸಾಕ ಅಕಿ ಏನು ಕಿಟಕಿ ಏನ?"

ಅಷ್ಟು ಹೇಳಿ ನಮ್ಮ ಕೋಣೆಗೆ ಹೋಗಿ ಇಳಕಲ್ ಸೀರೆ ತಂದಳು. ಊಟದ ಮೇಜಿನ ಮೇಲೆ ಹಾಸಿದಳು. ಅಮ್ಮ ಸುಮ್ಮನಿರಲಿಲ್ಲ.

"ಅತ್ತೆ, ನಿಮ್ಮ ಮದುವೆ ಸೀರೆ ಅದು. ಯಾರದೋ ಅಂಗಡಿ ಗೊಂಬೆಗೆ ಯಾಕೆ? ಸುಮಿಗೆ ಅಂತ ಹೇಳಿದ್ರಲ್ಲ."

"ಸುಮಿಗೆ ಬೇಕಂತ ಸುಮಿ ಹೇಳ್ಯಾಳೇನ?"

ಅಜ್ಜಿ ಕತ್ತರಿ ಹಿಡಿದಿದ್ದಳು. ಆಗ ನನ್ನ ಬಾಯಿಂದ ಬಂತು. ಹುಟ್ಟಿದಾಗಿನಿಂದ ಒಳಗೇ ಉಳಿದಿದ್ದ ಮಾತೆಲ್ಲ ಒಮ್ಮೆಗೇ ಬಂತು, ಅದೂ ಅಜ್ಜಿಯ ಭಾಷೆಯಲ್ಲೇ:

"ಅದು ನಂದೈತಿ! ನೀನ ಹೇಳಿದ್ದಿ! ಅಕಿ ಯಾರು? ಅಕಿಗ್ಯಾಕ ಕೊಡತಿ?"

ಅಪ್ಪ ಗರಾಜಿನಿಂದ ಎದ್ದು ಬಂದ. ಅಜ್ಜಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ತುಟಿ ನೋಡಿದಳು, ಕಣ್ಣು ನೋಡಿದಳು.

"ಬಂತಲ್ಲೋ ಮಾತು! ಕೇಳಿದಿ ಏನೋ? ನನ್ನ ಮಮ್ಮಗಳು ಜಗಳ ತಗದ್ಲು!"

ನನ್ನ ಹಣೆಗೆ ಮುತ್ತು ಕೊಟ್ಟಳು. ಕೊಟ್ಟು, ಖುಷಿಯಿಂದಲೇ, ಸೆರಗನ್ನು ಕರಕರ ಕತ್ತರಿಸಿದಳು. ಇದನ್ನು ನಾನು ಇವತ್ತಿಗೂ ನುಂಗಿಕೊಂಡಿಲ್ಲ. ಮಾತು ಬಂದರೆ ಸೀರೆ ಸಿಗುತ್ತದೆ ಎಂದುಕೊಂಡಿದ್ದೆ. ಕೊಟ್ಟ ಮಾತು ತಪ್ಪುವ ಅಭ್ಯಾಸ ಅವಳಿಗಿರಲಿಲ್ಲ, ಆದರೆ ಕನಿಕರ ಹುಟ್ಟಿದ ಮೇಲೆ ಕೈ ತಡೆಯುವುದೂ ಗೊತ್ತಿರಲಿಲ್ಲ. ಸೆರಗು ನೀಲವ್ವನ ಹೆಗಲೇರಿತು. ಉಳಿದ ಒಡಲನ್ನು ಅಜ್ಜಿ ಅಪ್ಪನ ಹಳೆ ಅಂಗಿ, ಅಮ್ಮನ ಹಳೆ ಸೀರೆ ಸೇರಿಸಿ ಕೌದಿ ಹೊಲಿದು ನನಗೆ ಕೊಟ್ಟಳು. ಅವಳಿಗೆ ರೇಷ್ಮೆ, ನನಗೆ ಹತ್ತಿ. ಅವಳಿಗೆ ನಾಲ್ಕು ಜನ ನೋಡುವುದು, ನನಗೆ ಹೊದ್ದು ಮಲಗುವುದು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ದಿನಾ ಸ್ಕೂಲಿನಿಂದ ಬಂದವಳೇ ಗರಾಜಿಗೆ ಹೋಗಿ ಅಜ್ಜಿ ಮತ್ತು ನೀಲವ್ವನ ನಡುವೆ ಇನ್ನೊಂದು ಕುರ್ಚಿ ಎಳೆದು ಕೂರತೊಡಗಿದೆ. ಅಜ್ಜಿ ಒಂದು ಮಾತಾಡಿದರೆ ನಾನು ಎರಡಾಡುತ್ತಿದ್ದೆ. ಗೊಂಬೆಗೆ ಸಾಧ್ಯವಾಗದ್ದನ್ನೆಲ್ಲ ಹುಡುಕಿ ಹುಡುಕಿ ಮಾಡುತ್ತಿದ್ದೆ. ಪ್ರಶ್ನೆ ಕೇಳುವುದು, ಎದುರಾಡುವುದು, ನಡುವೆ ಬಾಯಿ ಹಾಕುವುದು. ಹೌದು ಎಂದಷ್ಟೇ ಗೊತ್ತಿದ್ದ ಅವಳ ಮುಂದೆ ನಾನು "ಇಲ್ಲಬಿಡು" ಎನ್ನಲು ಕಲಿತೆ. ಊಟದ ಮೇಜಿನಲ್ಲಿ ಅಮ್ಮ ತಿದ್ದುತ್ತಿದ್ದಳು.

"ಪುಟ್ಟಾ, 'ಐತಿ' ಅಲ್ಲ, 'ಇದೆ' ಅನ್ನು."

"ಇರಲಿ ಬಿಡ, ಮಾತಾಡ್ತಾಳಲ್ಲ," ಎನ್ನುತ್ತಿದ್ದಳು ಅಜ್ಜಿ.

ನಾನು ಕನ್ನಡದಲ್ಲಿ ಬರೆಯುವುದು ಹೇಗೆ ಎಂದು ಸಭೆಗಳಲ್ಲಿ ಜನ ಕೇಳುತ್ತಾರೆ. ತಾಯ್ನುಡಿಯ ಪ್ರೀತಿ ಎಂದು ಹೇಳಿ ಕೂತುಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಅದು ಪ್ರೀತಿಯಿಂದ ಬಂದದ್ದಲ್ಲ, ಒಂದು ಗೊಂಬೆಯ ಮೇಲಿನ ಮತ್ಸರದಿಂದ ಬಂದದ್ದು.

ಬೇಸಿಗೆಯ ಪ್ರವಾಸಿಗರು ಬರುವ ಮೊದಲು ಪೆಗ್ಗಿ ತನ್ನ ಪಿಕಪ್ ತಂದಳು. ಅಪ್ಪನೂ ಅವಳೂ ಸೇರಿ ಪೆಟ್ಟಿಗೆಗೆ ಹಗ್ಗ ಬಿಗಿಯುವಾಗ ಅಜ್ಜಿ ಮೊರ ಹಿಡಿದು ಬಂದಳು. ಮೊರದಲ್ಲಿ ಅರಿಸಿನ ಕಲಸಿದ ಅಕ್ಕಿ, ಅಡಿಕೆ, ಅರಿಸಿನ ಕೊಂಬು, ಒಂದು ಕುಬಸದ ಖಣ, ಮೇಲೊಂದು ತೆಂಗಿನಕಾಯಿ.

ಅಮ್ಮ ಅಪ್ಪನ ಕಿವಿಯಲ್ಲಿ ಹೇಳಿದಳು, "ರೀ, ಬೇಡ ಅನ್ನಿ. ಆ ಹೆಂಗಸು ನಮ್ಮನ್ನ ಹುಚ್ಚರು ಅನ್ಕೊಳ್ತಾಳೆ."

ಅಜ್ಜಿಗೆ ಕೇಳಿಸಿತು. "ಮನಿಂದ ಹೊಂಟ ಹೆಣಮಗಳನ್ನ ಬರೇ ಉಡೀಲೆ ಕಳಸ್ತಾರೇನ? ಗ್ಲಾಸು ತಗಿಯೋ."

ಅಪ್ಪ ಗಾಜು ಸರಿಸಿದ. ನೀಲವ್ವನಿಗೆ ಮಡಿಲೇ ಇರಲಿಲ್ಲ, ಸೊಂಟಕ್ಕೇ ಮೇಜು. ಅಜ್ಜಿ ನನ್ನ ಸೆರಗನ್ನು ಮುಂದೆ ಎಳೆದು ಜೋಳಿಗೆಯಂತೆ ಸಿಕ್ಕಿಸಿ, ಅದರೊಳಗೆ ಅಕ್ಕಿ ಸುರಿದು, ಎಲ್ಲವನ್ನೂ ಒಂದೊಂದಾಗಿ ಇಟ್ಟಳು. ಉಡಿ ತುಂಬಿಸಿಕೊಂಡವಳು ಹೊರಡುವ ಮುನ್ನ ಒಂದು ಹಿಡಿ ಅಕ್ಕಿ ತವರಿಗೆ ತಿರುಗಿ ಕೊಟ್ಟು ಹೋಗಬೇಕು. ನೀಲವ್ವನ ಮರದ ಕೈಗೆ ಅದು ಆಗುವಂತಿರಲಿಲ್ಲ. ಅಜ್ಜಿ ಅವಳ ಗಲ್ಲ ಸವರಿದಳು.

"ಇರಲಿ ತಗೋ. ತಿರುಗಿ ಬಂದಾಗ ಕೊಡುವಂತಿ."

ಪೆಗ್ಗಿ ನೋಡುತ್ತ ನಿಂತಿದ್ದವಳು ಏನು ತಿಳಿದುಕೊಂಡಳೋ, ತನ್ನ ಸ್ವೆಟರಿನ ಅಂಚನ್ನು ಹಿಡಿದು ಮುಂದೆ ಬಂದಳು. ಅಜ್ಜಿ ಅವಳಿಗೂ ತುಂಬಿದಳು. "ತಗೋ ಪೆಗ್ಗವ್ವಾ." ಪೆಗ್ಗಿಯ ಕಣ್ಣು ಒದ್ದೆಯಾದವು. ಗೊಂಬೆಗಾಯಿತು, ಗುರುತಿಲ್ಲದ ಬಿಳಿ ಮುದುಕಿಗೂ ಆಯಿತು. ಮೊರದಲ್ಲಿ ಇನ್ನೂ ಅಕ್ಕಿ ಇತ್ತು. ನಾನು ಅಂಗಿಯ ತುದಿ ಹಿಡಿದು ನಿಂತೆ.

"ನಂಗ?"

"ನಿನ್ನ ಪಾಳಿ ಬರತೈತಿ ತಂಗಿ. ಹೋಗಾಕಿಗೆ ತುಂಬೋದು, ಇರಾಕಿಗೆ ಅಲ್ಲ."

ಅಂಗಿಯ ತುದಿ ಬಿಟ್ಟೆ. ಪಿಕಪ್ ತಿರುವಿನಲ್ಲಿ ಮರೆಯಾಗುವವರೆಗೆ ಅಜ್ಜಿ ಕಣ್ಣೊರೆಸಿಕೊಂಡಳು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಸೀಸನ್ನಿನ ಮೊದಲ ರಜೆಯ ದಿನವೇ ಪೆಗ್ಗಿಯ ಫೋನು ಬಂತು. ಹಾಲಿನಲ್ಲಿ ಜನವೋ ಜನ, ಆದರೆ ನೀಲವ್ವ ಚೀಟಿಯ ಜೊತೆ ಅಕ್ಕಿ ಉದುರಿಸುತ್ತಿದ್ದಾಳೆ, ಜನ ಅದನ್ನು ಅದೃಷ್ಟವೆಂದು ಜೇಬಿಗೆ ಹಾಕಿಕೊಳ್ಳುತ್ತಿದ್ದಾರೆ, ಮತ್ತೆ ಮತ್ತೆ ಕಾಸು ಹಾಕುತ್ತಿದ್ದಾರೆ. ನಾವು ಹೋಗಿ ಮುಟ್ಟುವಷ್ಟರಲ್ಲಿ ಅಕ್ಕಿ ಹಲ್ಲಿನ ಚಕ್ರಕ್ಕೆ ಸಿಕ್ಕಿ ಅವಳು ತಲೆ ತಗ್ಗಿಸಿ ನಿಂತುಬಿಟ್ಟಿದ್ದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಪ್ಪ ತೆಂಗಿನಕಾಯಿ, ಖಣ ತೆಗೆದಿಟ್ಟು, ಬ್ರಷ್ ಹಾಕಿ ಚಕ್ರದ ಅಕ್ಕಿ ಬಿಡಿಸುತ್ತಿದ್ದರೆ ಅಜ್ಜಿ ಹಿಂದೆ ನಿಂತು ಗೊಣಗುತ್ತಿದ್ದಳು.

"ಪೂರಾ ಬರಿದು ಮಾಡಬ್ಯಾಡೋ. ಹೆಣಮಗಳ ಉಡಿ ಅದು."

"ಯವ್ವಾ, ಮಷೀನೈತಿ ಇದು!"

ಅಷ್ಟೆಂದರೂ ಅಪ್ಪ ಬ್ರಷ್ ಕೆಳಗಿಟ್ಟು ಬೆನ್ನಿನ ಬಾಗಿಲು ಮುಚ್ಚಿದ. ನೀಲವ್ವ ಮತ್ತೆ ತಲೆ ಎತ್ತಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು.

ಅದೇ ಬೇಸಿಗೆಯಲ್ಲಿ ಅಜ್ಜನಿಗೆ ಮೈಯಲ್ಲಿ ಹುಷಾರಿಲ್ಲವೆಂದು ಅಜ್ಜಿ ಹುಬ್ಬಳ್ಳಿಗೆ ಹೋದಳು. ಮತ್ತೆ ಬರಲಿಲ್ಲ. ಫೋನಿನಲ್ಲಿ ನಾವಿಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದೆವು, ಆದರೆ ಪ್ರತಿ ಸಲವೂ ಇಡುವ ಮುಂಚೆ ಅವಳು ಕೇಳುತ್ತಿದ್ದದ್ದು, "ನೀಲವ್ವ ಆರಾಮ ಅದಾಳೇನ?" ನಾನು ಕಾಲೇಜಿಗೆ ಹೊರಡುವ ಮೊದಲೇ ತೀರಿಕೊಂಡಳು. ನನ್ನ ಮದುವೆ ಸಾನ್ ಫ್ರಾನ್ಸಿಸ್ಕೋದ ಸಿಟಿ ಹಾಲಿನಲ್ಲಾಯಿತು. ಮೆಟ್ಟಿಲ ಮೇಲೆ ಅಮ್ಮ ಮಡಿಲು ತುಂಬಿದಳು. ನೆಲದ ಮೇಲೆ ಚೆಲ್ಲಿದರೆ ಯಾರಾದರೂ ಬೈದಾರು ಎಂದು ಅಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಮುಚ್ಚಿ ಕೊಟ್ಟಳು. ಪಾಪ, ಪ್ರೀತಿಯಿಂದಲೇ ಕೊಟ್ಟಳು. ನಾನು ಆಗಲೂ ನೀಲವ್ವನನ್ನು ನೆನೆದುಕೊಂಡು ಉರಿದುಕೊಂಡೆ. ಅಜ್ಜಿಯ ಕೈಯ ಅಕ್ಕಿ ಅವಳಿಗೆ ಸಿಕ್ಕಿತ್ತು.

ಹೋದ ತಿಂಗಳು ಪೆಗ್ಗಿಯ ಮಗಳು ಫೋನು ಮಾಡಿದಳು. ಪೆಗ್ಗಿ ಹೋಗಿ ಎಷ್ಟೋ ಕಾಲವಾಯಿತು, ಈಗ ಹಾಲ್ ಮಾರಿದ್ದಾರೆ, ಯಂತ್ರಗಳೆಲ್ಲ ಯಾರಿಗೋ ಹೋಗುತ್ತಿವೆ. ಆದರೆ ಸೀರೆಯ ಗೊಂಬೆ ಯಾರಿಗೂ ಕೊಡುವುದಲ್ಲ, ಅದರ ತವರಿಗೇ ಹೋಗಬೇಕು ಎಂದು ತನ್ನ ಅಮ್ಮ ಹೇಳಿದ್ದಳು, ಬಂದು ಒಯ್ಯುತ್ತೀರಾ ಎಂದಳು. ಬೇಡ ಎನ್ನೋಣವೆಂದು ನಾನು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಅಪ್ಪ ಹೂಂ ಎಂದಿದ್ದ. ಅಪ್ಪನಿಗೀಗ ಕೈ ನಡುಗುತ್ತದೆ, ಬೋಲ್ಟು ಬಿಚ್ಚುವುದು ನಾನೇ. ಗುಡ್ಡ ದಾಟಿ ಹೋದೆವು. ಮಂಜು ಹಾಗೆಯೇ ಇತ್ತು. ಹಾಲ್ ಖಾಲಿಯಾಗಿತ್ತು, ಮೂಲೆಯಲ್ಲಿ ಅವಳೊಬ್ಬಳೇ. ಸೆರಗಿನ ಕೆಂಪು ಸ್ವಲ್ಪ ಮಾಸಿತ್ತು, ತೆನೆಗಳು ಹಾಗೆಯೇ ಇದ್ದವು. ನಾನು ಜೇಬಿನಿಂದ ಕಾಸು ತೆಗೆದು ಹಾಕಿದೆ. ಅವಳು ಅಲುಗಲಿಲ್ಲ. ಅಷ್ಟು ವರ್ಷಕ್ಕೆ ಒಮ್ಮೆ ನಾನು ಕೇಳಿದರೂ ಅವಳು ಹೌದೆನ್ನಲಿಲ್ಲ.

ಸಾಗಿಸುವ ಮುನ್ನ ತಿದಿಯನ್ನು ಬಿಡಿಸಬೇಕೆಂದು ಅಪ್ಪ ಹೇಳಿದ. ಬೆನ್ನಿನ ಬಾಗಿಲು ತೆಗೆದು ಕೆಳಗಿನ ಹಲಗೆ ಸಡಿಲಿಸಿದೆ. ಒಳಗೆ ಏನೋ ಸರಸರ ಸರಿದ ಸದ್ದು. ಹಲಗೆಯ ಸಂದಿಯಿಂದ ನಾಲ್ಕು ಕಾಳು ಉದುರಿದವು, ಆಮೇಲೆ ಇನ್ನಷ್ಟು. ಒಣಗಿ ಹಗುರಾದ, ಇನ್ನೂ ಅಂಚಿನಲ್ಲಿ ಹಳದಿ ಉಳಿದ ಅಕ್ಕಿ. ನಾನು ಸ್ಕ್ರೂಡ್ರೈವರ್ ಹಿಡಿದು ಬೆಪ್ಪಾಗಿ ನೋಡುತ್ತಿದ್ದೆ.

"ಕೆಳಗ ಚೆಲ್ಲತೈತಿ ಸುಮಿ," ಎಂದ ಅಪ್ಪ. "ಉಡಿ ಹಿಡಿಯವಾ."

ಸ್ವೆಟರಿನ ಅಂಚು ಹಿಡಿದು ಬಗ್ಗಿದೆ. ಅಪ್ಪ ನಡುಗುವ ಕೈಯಿಂದ ಹಲಗೆಯನ್ನು ತಟ್ಟಿದ. ಅಕ್ಕಿ ನನ್ನ ಉಡಿಗೆ ಬಿತ್ತು, ಹೆಚ್ಚೆಂದರೆ ಒಂದು ಹಿಡಿ. ತಲೆ ಎತ್ತಿ ನೋಡಿದೆ. ಕೊಡುವಾಗಲೂ ಅವಳು ನನ್ನ ಸೆರಗನ್ನೇ ಹೊದ್ದುಕೊಂಡಿದ್ದಳು.